ಐಸೋಫಿಕ್ಸ್ ಇಲ್ಲದ ಹಳೇ ಗಾಡಿ, ಅಮೆರಿಕದ ಮಕ್ಕಳ ಸೀಟು, ಕಲಬುರಗಿ ಬಿಸಲು: ಕಾನೂನು ಏನ್ ಹೇಳ್ತದ?

ಸೇಡಂ ರೋಡ್:
ಎಲ್ಲರಿಗೂ ನಮಸ್ಕಾರ್ರಿ. ಮಗಳಿಗೆ 14 ತಿಂಗಳು, ತೂಕ 9.5 ಕೆಜಿ. ಗಾಡಿ 2015ರ ಹ್ಯಾಚ್‌ಬ್ಯಾಕ್. ಹಿಂದ ಎರಡೂ ಬದೀಗೆ ಮೂರು ಪಾಯಿಂಟಿನ ಬೆಲ್ಟ್ ಅದ, ನಡುವ ಬರೀ ಸೊಂಟದ ಪಟ್ಟಿ. ಐಸೋಫಿಕ್ಸ್ (ಮಕ್ಕಳ ಸೀಟು ಸಿಗಿಸ್ಲಿಕ್ಕ ಗಾಡಿಯಾಗೇ ಇರೋ ಲೋಹದ ಸಳಿ) ಇಲ್ಲ. ಅಮೆರಿಕದಾಗಿರೋ ನಮ್ಮಣ್ಣ ತನ್ನ ಮಗನಿಗೆ ತಗೊಂಡಿದ್ದ ಸೀಟು ತಂದುಕೊಟ್ಟಾನ. ಕಲಬುರಗಿಯಿಂದ ಬೀದರಕ್ಕ, ಆಗಾಗ ಹೈದರಾಬಾದಿಗೆ ಹೋಗೋದಿರ್ತದ.

ಕೇಳೋದು ಇಷ್ಟು. ಆ ಸೀಟಿನ ಮ್ಯಾಲ ನಮ್ಮ ದೇಶದ ಸುರಕ್ಷತಾ ಮಾನದಂಡದ ಗುರುತಿಲ್ಲ, ನಡೀತದೇನ್ರಿ? ಗ್ಯಾರೇಜಿನವ್ರು ಐಸೋಫಿಕ್ಸ್ ಸಳಿ ವೆಲ್ಡಿಂಗ್ ಮಾಡಿ ಕೊಡ್ತೀವಿ ಅಂತಾರ, ಮಾಡಿಸ್ಬೇಕಾ? ಕೂಸಿನ ಮುಖ ಹಿಂದಕ್ಕ ಮಾಡಿ ಕೂಡಿಸಿದ್ರ ಬಿಸಲು ನೇರ ಮುಖಕ್ಕೇ ಬಡೀತದ. ಗ್ಲಾಸಿಗೆ ಫಿಲ್ಮ್ ಹಾಕಿದ್ರ ದಂಡ ಬೀಳ್ತದ ಅಂತಾರ. ನಮ್ಮ ಅತ್ತಿ ಅಂತೂ ತೊಡಿ ಮ್ಯಾಲ ಕೂಡಿಸ್ಕೋ ಸಾಕು ಅಂತಾರ.

ತೊಗರಿ ಕಣಜ:
ಮೊದಲು ಕಾನೂನಿನ ಮಾತು ಮುಗಿಸೋಣ, ಅದು ಸಣ್ಣದು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 194ಬಿ ಕಲಮು ಸೇರಿತು. 14 ವರ್ಷ ತುಂಬದ ಮಗು ಸೀಟ್ ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಭದ್ರವಾಗಿರಬೇಕು, ಇಲ್ಲದಿದ್ದರೆ ಗಾಡಿ ಓಡಿಸುವವರಿಗೆ 1,000 ರೂಪಾಯಿ ದಂಡ. ಕೇಂದ್ರದ ಕಾಯ್ದೆ, ಹಾಗಾಗಿ ಜಹೀರಾಬಾದ್ ದಾಟಿದರೂ ಸೊಲ್ಲಾಪುರದ ಕಡೆ ಹೋದರೂ ಕಲಮು ಇದೇ.

ಆ ಕಲಮಿನಲ್ಲಿ "ಅಥವಾ" ಇರುವುದನ್ನು ಗಮನಿಸಿ. ಎರಡು ವರ್ಷದ ಕೂಸಿಗೆ ದೊಡ್ಡವರ ಬೆಲ್ಟ್ ಬಿಗಿದು ಕೂಡಿಸಿದರೂ ಆ ಮಾತು ಪೂರೈಸುತ್ತದೆ. ಆದರೆ ಬೆಲ್ಟಿನ ಮೇಲಿನ ಪಟ್ಟಿ ಕೂಸಿನ ಕತ್ತಿನ ಮೇಲೆ, ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರುತ್ತದೆ. ಡಿಕ್ಕಿಯಾದಾಗ ಪೆಟ್ಟು ಸೊಂಟದ ಎಲುಬಿಗೆ ಬೀಳದೆ ಕರುಳಿಗೆ ಬೀಳುತ್ತದೆ. ಕಾನೂನು ಕೇಳುವುದು ತೀರಾ ಕಡಿಮೆ, ಅದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅತ್ತೆಯವರಿಗೆ ಲೆಕ್ಕ ಹೇಳಿ: ಡಿಕ್ಕಿಯಲ್ಲಿ ಗಾಡಿ ಗಕ್ಕನೆ ನಿಂತು, ಒಳಗಿದ್ದವರು ತಮ್ಮ ತೂಕದ 25 ಪಟ್ಟು ಜೋರಿನಿಂದ ಮುಂದಕ್ಕೆ ಎಳೆದರೆ, 9.5 ಕೆಜಿ ಕೂಸು ಕೈಯಿಂದ 230 ಕೆಜಿಗೂ ಹೆಚ್ಚು ಎಳೆಯುತ್ತದೆ. ಮೂಟೆ ಹೊರುವ ಹಮಾಲರ ಕೈಗೂ ಅದು ನಿಲ್ಲದು.

ಗುರುತಿನ ವಿಷಯ. ಮಕ್ಕಳ ಸೀಟಿಗೆ ನಮ್ಮ ದೇಶದ ಮಾನದಂಡ ಎಐಎಸ್-072. ಯುರೋಪಿನ ಸೀಟಿಗೆ ಅಲ್ಲಿಯ ಮಾನದಂಡದ ಹೆಸರು, ಆರ್44 ಅಥವಾ ಆರ್129, ಎಂದು ಕೇಸರಿ ಚೀಟಿ ಇರುತ್ತದೆ. ಅಮೆರಿಕದ ಸೀಟು ಅಲ್ಲಿಯ ಮಾನದಂಡ ಎಫ್‌ಎಂವಿಎಸ್‌ಎಸ್ 213ರ ಪ್ರಕಾರ ತಯಾರಾಗಿರುತ್ತದೆ, ಅದರ ಮೇಲೆ ನಮ್ಮ ಗುರುತೂ ಯುರೋಪಿನ ಗುರುತೂ ಇರುವುದಿಲ್ಲ. 194ಬಿಯಲ್ಲಿ ಇಂಥದೇ ಗುರುತು ಬೇಕೆಂಬ ಮಾತಿಲ್ಲ. ಅಂಗಡಿಯಲ್ಲಿ ಯಾವ ಗುರುತೂ ಇಲ್ಲದೆ ಮಾರುವ ಸ್ಪಂಜಿನ "ಕಾರ್ ಸೀಟ್"ಗಿಂತ ನಿಮ್ಮದು ಎಷ್ಟೋ ವಾಸಿ. ಅಪಘಾತ ಕಂಡ ಸೀಟಲ್ಲ ಎಂದು ಅಣ್ಣನನ್ನು ಕೇಳಿ, ಸೀಟಿನ ಪ್ಲಾಸ್ಟಿಕ್ ಚಿಪ್ಪಿನ ತಳದಲ್ಲಿ ಅವಧಿ ಮುಗಿಯುವ ತಾರೀಖು ಇರುತ್ತದೆ, ಅದನ್ನೂ ನೋಡಿ.

ಹುಮನಾಬಾದ್ ನಾಕಾ:
ಅಕ್ಕಾರ, ವೆಲ್ಡಿಂಗ್ ಬ್ಯಾಡ್ರಿ. ಐಸೋಫಿಕ್ಸ್ ಅಂದ್ರ 6 ಮಿ.ಮೀ. ದಪ್ಪದ ಎರಡು ಸಳಿ, ಮಧ್ಯದಿಂದ ಮಧ್ಯಕ್ಕ 280 ಮಿ.ಮೀ. ಅಂತರ. ನೋಡ್ಲಿಕ್ಕ ಯಾವ ವೆಲ್ಡರ್ ಬೇಕಾದ್ರೂ ಮಾಡ್ಯಾನು ಅನಸ್ತದ. ಆದ್ರ ಕಂಪನಿ ಅದನ್ನ 8 ಕಿಲೋನ್ಯೂಟನ್, ಅಂದ್ರ 800 ಕೆಜಿ ತೂಗಿಬಿಟ್ಟಷ್ಟು ಎಳದು ಪರೀಕ್ಷೆ ಮಾಡಿರ್ತದ. ಸಳಿ ಗಾಡಿಯ ಗಟ್ಟಿ ಚೌಕಟ್ಟಿಗೆ ಕೂಡಿರ್ತದ. ಗ್ಯಾರೇಜಿನವ ಬೆಸೀಲಿಕ್ಕ ಸಿಗೋದು ಸೀಟಿನ ಹಿಂದಿನ ತೆಳು ತಗಡು. ಬೆಸುಗಿ ಹಿಡದ್ರೂ ತಗಡೇ ಹರದು ಬರ್ತದ.

ನಿಮಗ ಬೆಲ್ಟೇ ಸಾಕು, ಆದ್ರ ಅಮೆರಿಕದ ಸೀಟಿನಾಗ ಒಂದು ತೊಡಕದ. ಅಲ್ಲಿಯ ಗಾಡಿಗಳ ಬೆಲ್ಟ್ ಪೂರ್ತಿ ಎಳದು ಬಿಟ್ರ ಲಾಕ್ ಆಗಿ ಸಡಿಲಾಗೋದಿಲ್ಲ. ನಮ್ಮ ಗಾಡಿಗಳ ಬೆಲ್ಟ್ ಸಾಮಾನ್ಯವಾಗಿ ಝಟಕಿ ಹೊಡದಾಗ ಮಾತ್ರ ಹಿಡೀತದ. ನೀವು ಎಷ್ಟೇ ಬಿಗೀರಿ, ಹಂಪ್ ಮ್ಯಾಲ ಹಾರಿ ಇಳಿಯೂತನಾ ಸೀಟು ಒಂದು ಬದೀಗೆ ವಾಲಿರ್ತದ. ಅದಕ್ಕ ಸೀಟಿನಾಗೇ ಬೆಲ್ಟ್ ಕಚ್ಚಿ ಹಿಡಿಯೋ ಕ್ಲ್ಯಾಂಪ್ ಅದ ಏನು ನೋಡ್ರಿ. ಇಲ್ಲಂದ್ರ ಇಂಗ್ಲಿಷಿನ ಎಚ್ ಆಕಾರದ ಒಂದು ಲೋಹದ ಕ್ಲಿಪ್ ಚಿಪ್ಪಿನ ಹಿಂದ ಅಥವಾ ಬುಡಕ್ಕ ಸಿಗಿಸಿರಬಹುದು.

ಕೂಡಿಸೋ ಕ್ರಮ: ಮುಖ ಹಿಂದಕ್ಕ ಇಟ್ಟಾಗಿನ ಬೆಲ್ಟ್ ದಾರಿ ಬ್ಯಾರೆ, ಮುಂದಕ್ಕ ಇಟ್ಟಾಗಿನದು ಬ್ಯಾರೆ, ಚೀಟಿ ನೋಡಿ ಸರಿಯಾದದ್ದರಾಗೇ ತೂರಿಸ್ರಿ. ಸೀಟಿನ ಮ್ಯಾಲಿರೋ, ವಾಲಿಕೆ ತೋರಿಸೋ ಗೆರಿ ನೆಲಕ್ಕ ಸಮ ಬರ್ಬೇಕು. ಸಮಪಾತಳಿ ಜಾಗದಾಗ ಗಾಡಿ ನಿಲ್ಲಿಸಿ ನೋಡ್ರಿ, ಇಳಿಜಾರಿನಾಗ ಅದು ಸುಳ್ಳು ತೋರಸ್ತದ. ಬಕಲ್ ಹಾಕಿ, ಒಂದು ಮೊಣಕಾಲು ಸೀಟಿನಾಗ ಊರಿ, ಭುಜದ ಪಟ್ಟಿ ಮ್ಯಾಲಕ್ಕ ಜಗ್ರಿ. ಬಿಗಿ ಬಂದ ಮ್ಯಾಲ ಎರಡೂ ಪಟ್ಟಿ ಬಕಲಿನ ನಾಲಗಿ ಹತ್ರ ಒಟ್ಟಿಗೆ ಹಿಡದು, ಬಕಲ್ ಬಿಚ್ಚಿ, ನಾಲಗಿಯಿಂದ 2.5 ಸೆಂ.ಮೀ. ಒಳಗ ಕ್ಲಿಪ್ ಹಾಕಿ ಮತ್ತ ಬಕಲ್ ಹಾಕ್ರಿ. ಈ ಸಲ ಬಕಲ್ ಕಷ್ಟಪಟ್ಟು ಬೀಳ್ತದ, ಹಂಗಿದ್ರೇ ಸರಿ. ಬೆಲ್ಟ್ ಹಾದು ಹೋಗೋ ಜಾಗದಾಗ ಒಂದು ಕೈಯಿಂದ ಅಳ್ಳಾಡಿಸಿದ್ರ 2.5 ಸೆಂ.ಮೀ. ಮ್ಯಾಲ ಸರೀಬಾರದು. ತುದಿ ಹಿಡದು ಅಳ್ಳಾಡಿಸಿ "ಲೂಸ್ ಅದ" ಅಂತ ಹೆದರಬ್ಯಾಡ್ರಿ, ಆ ತುದಿ ಒಂದಿಷ್ಟು ಅಳ್ಳಾಡೇ ಅಳ್ಳಾಡ್ತದ.

ಕೂಸನ್ನ ಸೀಟಿಗೆ ಕಟ್ಟೋ ಒಳಪಟ್ಟಿ, ಮುಖ ಹಿಂದಕ್ಕಿದ್ದಾಗ, ಭುಜದ ಸಮ ಅಥವಾ ತುಸು ಕೆಳಗಿನಿಂದ ಬರ್ಬೇಕು. ಭುಜದ ಮ್ಯಾಲ ಪಟ್ಟಿ ಚಿವುಟಿದ್ರ ಬೆರಳಿಗೆ ಸಿಗಬಾರದು. ಎದಿ ಕ್ಲಿಪ್ ಕಂಕುಳ ಮಟ್ಟಕ್ಕ. ಮನಿಯಿಂದ ಮೆತ್ತನ್ನ ದಿಂಬು, ಮಡಚಿದ ಕೌದಿ ಬೆನ್ನ ಹಿಂದ ತುರುಕೋದು ಪೂರಾ ಬಂದ್. ಡಿಕ್ಕಿಯಾದಾಗ ಅದು ಚಪ್ಪಟಿ ಆಗಿ ಪಟ್ಟಿ ಸಡಿಲಾಗ್ತದ.

ಸೇಡಂ ರೋಡ್:
ಕ್ಲಿಪ್ ಬುಡದಾಗ ಸಿಕ್ತು ಅಣ್ಣಾರ. ಒಂದು ವರ್ಷ ಆಗ್ಯದ, ಮುಂದಕ್ಕ ತಿರುಗಿಸಬಾರದಾ? ಕಾಲು ಮಡಚಿಕೊಂಡು ಕೂಡ್ತಾಳ.

ತೊಗರಿ ಕಣಜ:
ಬೇಡ. ಆರ್129ರಲ್ಲಿ ಕನಿಷ್ಠ 15 ತಿಂಗಳವರೆಗೆ ಹಿಂಮುಖ ಕಡ್ಡಾಯ, ಅದು ಕನಿಷ್ಠದ ಮಾತು. ಇಲ್ಲಿಯ ಕಾಯ್ದೆ ದಿಕ್ಕಿನ ಬಗ್ಗೆ ಬಾಯಿ ಬಿಡುವುದಿಲ್ಲ. ಈ ವಯಸ್ಸಿಗೆ ತಲೆ ದೊಡ್ಡದು, ಕತ್ತಿನ ಎಲುಬು ಇನ್ನೂ ಮೆತ್ತಗೆ. ಎದುರಿನಿಂದ ಡಿಕ್ಕಿಯಾದರೆ ಹಿಂಮುಖ ಕುಳಿತ ಕೂಸಿನ ಬೆನ್ನು, ತಲೆ ಎರಡನ್ನೂ ಚಿಪ್ಪು ಒಟ್ಟಿಗೆ ಹಿಡಿಯುತ್ತದೆ. ಮಡಚಿದ ಕಾಲಿಗೆ ಚಿಂತೆ ಬೇಡ. ನಿಮ್ಮ ಸೀಟಿನ ಚೀಟಿಯಲ್ಲಿ ಹಿಂಮುಖದ ಗರಿಷ್ಠ ತೂಕ ಎಷ್ಟಿದೆಯೋ ಅಲ್ಲಿಯವರೆಗೆ ಹಾಗೇ ಬಿಡಿ. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗ್ ಎದುರು, ಹಿಂಮುಖವಾಗಿ ಇಡುವ ಮಾತೇ ಇಲ್ಲ.

ಶಹಾಪುರದವ:
ಬಿಸಲಿನ ಮಾತಿಗೆ ಬರ್ತೀನಿ. ಈ ವಿಷಯದಾಗ ನಿಜವಾಗಿ ಕಾಡೋ ಕಾನೂನು ಇದೊಂದೇ ನೋಡ್ರಿ. ಕೇಂದ್ರ ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ, ಹಿಂದಿನ ಗಾಜಿನಾಗ 70%, ಬದಿ ಗಾಜಿನಾಗ 50% ಬೆಳಕು ಹಾಯ್ಬೇಕು. 2012ರಾಗ ಸುಪ್ರೀಂ ಕೋರ್ಟ್ ಗಾಜಿನ ಮ್ಯಾಲ ಕಪ್ಪು ಫಿಲ್ಮ್ ಆಗ್ಲಿ, ಬ್ಯಾರೆ ಯಾವ ವಸ್ತು ಆಗ್ಲಿ, ಅಂಟಿಸೋದೇ ಬ್ಯಾಡ ಅಂದ್ಬಿಟ್ಟದ. 2024ರಾಗ ಕೇರಳ ಹೈಕೋರ್ಟ್ 70, 50ರ ಮಿತಿಯೊಳಗಿನ ಫಿಲ್ಮಿಗೆ ಅಡ್ಡಿಯಿಲ್ಲ ಅಂದಿದ್ದು ಖರೆ. ಆದ್ರ ಜಗತ್ ಸರ್ಕಲ್‌ದಾಗ ಪೊಲೀಸರು ಗಾಡಿ ನಿಲ್ಲಿಸಿ, ಕೂಸು ಅಳ್ಲಿಕ್ಕ ಹತ್ತಿದಾಗ ಆ ತೀರ್ಪು ಓದಿ ಹೇಳೋರು ಯಾರ್ರಿ? ಜಾಳಿಗಿ ಪರದೆನೂ ಗಾಜಿಗೆ ಅಂಟಿಸಿದ್ರ ಇದೇ ತಕರಾರು ಬರಬಹುದು. ನಿಂತ ಗಾಡಿಗೆ ಮಾತ್ರ ಹಾಕ್ರಿ.

ದುಡ್ಡು ಖರ್ಚಿಲ್ಲದ ಉಪಾಯ ಅದ. ಮುಂಜಾನಿ ಕಮಲಾಪುರದ ಹಾದಿ ಹಿಡದು ಹುಮನಾಬಾದ್ ಮ್ಯಾಲ ಬೀದರಕ್ಕ ಹೋಗೋವಾಗ ಗಾಡಿ ಈಶಾನ್ಯಕ್ಕ ಮುಖ ಮಾಡಿರ್ತದ, ಬಿಸಲು ಬಲಗಡಿಂದ. ಸಂಜಿಗೆ ತಿರುಗಿ ಬರೋವಾಗ ಸೂರ್ಯ ಪಶ್ಚಿಮಕ್ಕ ಹೋಗಿರ್ತಾನ, ಬಿಸಲು ಮತ್ತ ಬಲಗಡಿಂದಲೇ. ಅಂದ್ರ ಎಡಗಡಿ ಕೂಡಿಸಿದ್ರ ಎರಡೂ ಪಾಳಿ ಬಹಳ ಹೊತ್ತು ನೆರಳು. ಇಳಿಸೋದೂ ರಸ್ತಿ ಅಂಚಿನ ಕಡಿಂದ ಆಗ್ತದ.

ಮುಂದಿನ ಎಸಿ ಗಾಳಿ ಹಿಂಮುಖ ಕೂತ ಕೂಸಿಗೆ ಹತ್ತೋದಿಲ್ಲ. ನಡುವಿನ ಎರಡು ಜಾಲರಿ ಮ್ಯಾಲಕ್ಕ ಮಾಡಿ, ಛತ್ತಿಗೆ ಬಡದು ಗಾಳಿ ಹಿಂದ ಬೀಳೋ ಹಂಗ ಇಡ್ರಿ. ಏಪ್ರಿಲ್, ಮೇದಾಗ ಗಾಡಿ ನಿಂತಾಗ ಸೀಟಿನ ಮ್ಯಾಲ ಬಿಳಿ ಪಂಜಿ ಹೊದಿಸ್ರಿ, ಕೂಡಿಸೋ ಮುಂಚೆ ಬಕಲಿನ ಲೋಹ ಕೈಯಿಂದ ಮುಟ್ಟಿ ನೋಡ್ರಿ, ಅದು ಚರ್ಮ ಸುಡ್ತದ.

ಬೈಕಿನ ಬಗ್ಗೆ ಯಾರರ ಕೇಳೋಕಿನ ಮುಂಚೆ ಹೇಳ್ತೀನಿ: 4 ವರ್ಷದ ಒಳಗಿನ ಮಕ್ಕಳಿಗೆ 2022ರ ನಿಯಮ ಬ್ಯಾರೆ ಅದ. ಕೂಸನ್ನ ಓಡಿಸೋರ ಮೈಗೆ ಕಟ್ಟೋ ಪಟ್ಟಿ, 9 ತಿಂಗಳಿಂದ ಹೆಲ್ಮೆಟ್, ವೇಗ 40 ಕಿ.ಮೀ. ಒಳಗ.

ಸೇಡಂ ರೋಡ್:
ಎಡಗಡಿ ಇಟ್ಟು ನೋಡ್ದೆ. ಬಕಲಿನ ದಂಟು ಉದ್ದ ಅದ, ಸೀಟಿನ ಪ್ಲಾಸ್ಟಿಕ್ ಅಂಚಿಗೆ ಬಕಲ್ ಒರಗಿ ನಿಲ್ತದ. ಬಿಗಿ ಬಂದಂಗ ಬಂದು ಮತ್ತ ಸಡಿಲು.

ಹುಮನಾಬಾದ್ ನಾಕಾ:
ಅದೇ ತಪ್ಪಿನ ಜಾಗ. ಬಕಲ್ ಅಂಚಿನ ಮ್ಯಾಲ ಕೂತ್ರ ಡಿಕ್ಕಿಯಾದಾಗ ಒಡೀಬಹುದು, ಇಲ್ಲ ತಾನೇ ಬಿಚ್ಚಬಹುದು. ಮೊದಲು ಸೀಟಿನ ವಾಲಿಕೆ ಒಂದು ಹಲ್ಲು ಬದಲು ಮಾಡಿ ನೋಡ್ರಿ, ಗೆರಿ ಮಾತ್ರ ತಪ್ಪಬಾರದು. ಬೆಲ್ಟ್ ದಾರಿ ತುಸು ಮ್ಯಾಲ ಕೆಳಗ ಆಗ್ತದ. ಹಂಗೂ ಆಗ್ಲಿಲ್ಲಂದ್ರ ಬಲಗಡಿ ಇಡ್ರಿ, ಆ ಬದಿಯ ದಂಟು ಗಿಡ್ಡಿರಬಹುದು. ಬಿಗಿ ಕೂಡೋ ಬದೀನೇ ಆರಿಸ್ರಿ, ಬಿಸಲಿಗೆ ಮುಂಜಾನಿ ಆರರ ಒಳಗ ಹೊಂಟ್ರ ಆಯ್ತು.