ಮೊದಲ ಸಲ ಹಲ್ಲಿನ ಡಾಕ್ಟರ್ ಹತ್ತಿರ: ಮಕ್ಕಳ ಹೆದರಿಕೆ ಹೇಗೆ ಬಿಡಿಸಿದಿರಿ?

ಮಗಳಿಗೆ ಐದು ವರ್ಷ. ಹಿಂದಿನ ದವಡೆ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಾಣುತ್ತಿದೆ. ಮುಂದಿನ ವಾರ ಕಲಬುರಗಿಯಲ್ಲೇ ತೋರಿಸಬೇಕು ಅಂತಿದ್ದೇವೆ. ಡಾಕ್ಟರ್ ಹೆಸರೆತ್ತಿದರೆ ಸಾಕು, ಸೆರಗು ಹಿಡಿದು ಅಳುತ್ತಾಳೆ. ನೀವೆಲ್ಲ ಏನು ಮಾಡಿದಿರಿ?

ಇಬ್ಬರು ಹುಡುಗರ ತಾಯಿ, ಕಲಬುರಗಿ:
ಅಕ್ಕಾ, ಮೊದಲು ಮನೆಯವರ ಬಾಯಿಗೆ ಬೀಗ ಹಾಕಿ. ನಮ್ಮ ಕಡೆ ಮಗು ಉಣ್ಣದಿದ್ದರೆ "ಸೂಜಿ ಮಾಡಿಸ್ತೀನಿ ನೋಡು" ಅನ್ನೋದು ರೂಢಿ, ಅಲ್ವಾ? ಇಷ್ಟು ದಿನ ಹಾಗೆ ಹೆದರಿಸಿ, ಈಗ "ಡಾಕ್ಟರ್ ಒಳ್ಳೆಯವರು" ಅಂದರೆ ಯಾವ ಮಗು ನಂಬುತ್ತದೆ? ಹಲ್ಲು ಕೀಳಿಸಿಕೊಂಡ ಕಥೆ ಮಕ್ಕಳ ಮುಂದೆ ಬೇಡ ಅಂತ ನಾವು ಅಜ್ಜಿಗೂ ಕಾಕಾನಿಗೂ ಹೇಳಿಟ್ಟೆವು. "ನೋವಾಗಲ್ಲ, ನೋವಾಗಲ್ಲ" ಅಂತ ಜಪ ಮಾಡುವುದೂ ಬೇಡ. ಅದುವರೆಗೆ ನೋವಿನ ಯೋಚನೆಯೇ ಇಲ್ಲದ ಮಗುವಿಗೂ ಅನುಮಾನ ಬರುತ್ತದೆ.

"ಡಾಕ್ಟರ್ ನಿನ್ನ ಹಲ್ಲು ಎಣಿಸ್ತಾರೆ" ಅಂದೆವು, ಅಷ್ಟೇ. ಹಾಲುಹಲ್ಲು ಒಟ್ಟು 20. ದೊಡ್ಡವನು ರಾತ್ರಿ ಕನ್ನಡಿ ಮುಂದೆ ಬಾಯಿ ತೆರೆದು, ಬೆರಳಿಟ್ಟು ಎಣಿಸುತ್ತಿದ್ದ. ಅರ್ಧಕ್ಕೆ ಬರುವಷ್ಟರಲ್ಲಿ ಜೊಲ್ಲು ಸುರಿದು ಲೆಕ್ಕ ತಪ್ಪುತ್ತಿತ್ತು, ಮತ್ತೆ ಒಂದರಿಂದ ಶುರು. ಕುರ್ಚಿಯಲ್ಲಿ ಕೂತಾಗ ಡಾಕ್ಟರ್ ಲೆಕ್ಕ ಸರಿಯಿದೆಯಾ ಅಂತ ನೋಡುವುದೇ ಅವನಿಗೆ ಕೆಲಸವಾಯಿತು.

ಒಬ್ಬ ಅಪ್ಪ, ಬೀದರ್:
ಮಕ್ಕಳ ಹಲ್ಲಿನ ಡಾಕ್ಟರನ್ನೇ ಹುಡುಕಿ. ಕಲಬುರಗಿ, ಬೀದರ್ ಎರಡೂ ಕಡೆ ಡೆಂಟಲ್ ಕಾಲೇಜುಗಳಿವೆ, ಅಲ್ಲಿ ಮಕ್ಕಳ ವಿಭಾಗದಲ್ಲಿ ಕೇಳಿ. ಕಾಯುವುದು ಜಾಸ್ತಿ, ಅದಕ್ಕೆ ತಯಾರಾಗಿ ಹೋಗಿ. ಅವರು ಮೊದಲು ಬಾಯಲ್ಲಿ ಹೇಳುತ್ತಾರೆ, ಆಮೇಲೆ ತೋರಿಸುತ್ತಾರೆ, ಕೊನೆಗೆ ಮಾಡುತ್ತಾರೆ. ನನ್ನ ಮಗಳಿಗೆ ತಿರುಗುವ ಬ್ರಷ್ಷನ್ನು ಮೊದಲು ಬೆರಳಿನ ಉಗುರಿನ ಮೇಲೆ ಓಡಿಸಿದರು. ಕಚಗುಳಿಯಾಗಿ ನಕ್ಕಳು, ಇನ್ನೊಂದು ಕೈಯನ್ನೂ ತಾನೇ ಚಾಚಿದಳು.

ಯಾದಗಿರಿಯಿಂದ:
ಬೆಳಿಗ್ಗೆಯ ಹೊತ್ತೇ ಕೇಳಿ ತಗೊಳ್ಳಿ. ನಮ್ಮ ಬಿಸಿಲಲ್ಲಿ ಮಧ್ಯಾಹ್ನ ಬಸ್ಸಿಳಿದು, ನಿದ್ದೆಗಣ್ಣಲ್ಲಿ ಬಂದ ಮಗು ಡಾಕ್ಟರನ್ನು ನೋಡುವ ಮೊದಲೇ ಅಳುತ್ತಿರುತ್ತದೆ. ಚಾಕಲೇಟ್ ಆಸೆ ತೋರಿಸಬೇಡಿ. ಹಲ್ಲಿಗಂತ ಹೋಗಿ ಚಾಕಲೇಟಾ?

ಡೆಂಟಲ್ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವಳು, ಕಲಬುರಗಿ:
"ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಿಂದಿನ ಹಾಲುಹಲ್ಲು ಬೀಳುವುದು 10ರಿಂದ 12ನೇ ವರ್ಷದ ಹೊತ್ತಿಗೆ. ನೋವು ಶುರುವಾಗುವ ಮೊದಲೇ ಕರೆತಂದರೆ ಮೊದಲ ದಿನ ಬರೀ ನೋಡಿ ಕಳಿಸಬಹುದು, ನೋವಲ್ಲಿ ಬಂದ ಮಗುವಿಗೆ ಆ ಪುರುಸೊತ್ತು ಇರುವುದಿಲ್ಲ. ಇಂಜೆಕ್ಷನ್ ಇರೋದೇ ಇಲ್ಲ ಅಂತ ಮಾತು ಮಾತ್ರ ಕೊಡಬೇಡಿ. ಬೇಕಾಗಿಬಂದರೆ ಮುಂದಿನ ಸಲ ನಿಮ್ಮನ್ನೇ ನಂಬುವುದಿಲ್ಲ. ಅದನ್ನು ಹೇಳುವ ಕೆಲಸ ಡಾಕ್ಟರ್‌ಗೆ ಬಿಡಿ.