ಪ್ಯಾನಿಂಗ್‌ಗೆ ‘ಬೀಸು’ ಅನ್ನಬಹುದಾ?

ಕತ್ತಲಾಗುವ ಹೊತ್ತಿಗೆ ಕಾರವಾರದಲ್ಲಿ ಹೆದ್ದಾರಿ 66ರ ಪಕ್ಕ ನಿಂತು, ಓಡುವ ಕಾರುಗಳ ಫೋಟೋ ತೆಗೆಯೋದು ನನ್ನ ಹೊಸ ಹುಚ್ಚು. ಅದನ್ನು ಅಕ್ಕನ ಮಗಳಿಗೆ ಕನ್ನಡದಲ್ಲಿ ಹೇಳಿಕೊಡಲು ಹೋಗಿ ಸಿಕ್ಕಿಬಿದ್ದೆ. ಪ್ಯಾನಿಂಗ್ ಅಂದರೆ, “ಬಾಣಲೆಯಾ ಮಾವ?” ಅಂದಳು.

ವಿಷಯ ಇಷ್ಟು. ಬೆಳಕು ಕಡಿಮೆ ಇದ್ದಾಗ ಶಟರ್ (ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು) ಜಾಸ್ತಿ ಹೊತ್ತು ತೆರೆದಿರಬೇಕು, ಸೆಕೆಂಡಿನ 1/30 ಅನ್ನಿ. ಗಂಟೆಗೆ 60 ಕಿ.ಮೀ. ಓಡುವ ಕಾರು ಅಷ್ಟರಲ್ಲೇ ಸುಮಾರು 56 ಸೆಂ.ಮೀ. ಮುಂದೆ ಹೋಗಿರುತ್ತದೆ. ಕ್ಯಾಮೆರಾ ಅಲುಗದೆ ಹಿಡಿದರೆ ಕಾರು ಕಲಸಿಹೋಗುತ್ತದೆ. ಅದಕ್ಕೇ ಕಾರಿನ ಜೊತೆಗೆ ಸೊಂಟದಿಂದ ಮೇಲೆ ಒಂದೇ ಸಮ ತಿರುಗುತ್ತಾ, ತಿರುಗುತ್ತಲೇ ಬಟನ್ ಒತ್ತಿ, ಒತ್ತಿದ ಮೇಲೂ ನಿಲ್ಲಿಸದೆ ತಿರುಗಬೇಕು. ಇದೇ ಪ್ಯಾನಿಂಗ್. ಆಗ ಕಾರು ನಿಚ್ಚಳ, ಹಿಂದಿನ ಗಾಳಿಗಿಡ, ಬೀದಿದೀಪ ಎಲ್ಲ ಬಾಚಣಿಗೆಯಲ್ಲಿ ಎಳೆದ ಹಾಗೆ ಗೀರು ಗೀರು. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಅಳತೆ) ಏರಿಸಿ ಶಟರ್ ಚುರುಕು ಮಾಡಬಹುದು, ಆದರೆ ಕಾರು ಪಾರ್ಕ್ ಮಾಡಿಟ್ಟ ಹಾಗೆ ಕಾಣುತ್ತದೆ, ಮೇಲಿಂದ ರವೆ ಚೆಲ್ಲಿದಂತೆ ಕಾಳು ಬೇರೆ. (ಈ ಕಾಳಿಗೆ ನಾಯ್ಸ್ ಅಂತಾರೆ. ದಯವಿಟ್ಟು ಯಾರೂ ‘ಸದ್ದು’ ಅಂತ ಮಾಡಬೇಡಿ.)

‘ಹಿಂಬಾಲಿಕೆ’ ಅಂದು ನೋಡಿದೆ. ಬೈಕ್ ಹತ್ತಿ ಬೆನ್ನಟ್ಟಿದ ಹಾಗಾಯ್ತು, ನಾನೋ ನಿಂತಲ್ಲೇ ಇರ್ತೇನೆ. ‘ಹೊರಳಿಕೆ’ ಅಂದರೆ ಹಾಸಿಗೆ ನೆನಪಾಗುತ್ತೆ. ‘ಶೇಕ್ ಆಗಿದೆ’ ಅನ್ನೋದು ಕೈ ನಡುಗಿ ಕೆಟ್ಟ ಫೋಟೋಗೆ ಹೇಳುವ ಮಾತು, ಇದು ಬೇಕಂತಲೇ ಮಾಡಿದ್ದು.

ಮೊನ್ನೆ ಕಾಳಿ ನದಿ ದಡದಲ್ಲಿ ಒಬ್ಬರು ಬೀಸುಬಲೆ ಎಸೆಯೋದನ್ನು ನೋಡಿದೆ. ಕಾಲು ಊರಿ ನಿಂತು, ಸೊಂಟ ತಿರುಗಿಸಿ ಬಿಟ್ಟರು. ಬಲೆ ಕೈಬಿಟ್ಟ ಮೇಲೂ ತೋಳು ಹಾಗೇ ಮುಂದೆ ಹೋಯಿತು. ನಾನು ಮಾಡೋದೂ ಇದೇ ಅಲ್ವಾ? ‘ಕಾರಿನ ಜೊತೆ ಕ್ಯಾಮೆರಾ ಬೀಸು’, ‘ಇದು ಬೀಸಿ ತೆಗೆದ ಫೋಟೋ’. ಬಾಯಿಗೂ ಸಲೀಸು.

ಒಂದೇ ಅನುಮಾನ. ಬೀಸು ಅಂದರೆ ರಭಸ ಇದೆ, ಗಾಳಿ ಬೀಸಿದ ಹಾಗೆ, ಕೋಲು ಬೀಸಿದ ಹಾಗೆ. ಇಲ್ಲಿ ಜರ್ಕ್ ಹೊಡೆದರೆ ಫೋಟೋ ಹಾಳು. ಆದರೆ ಬೀಸುಕಲ್ಲು ಒಂದೇ ಸಮ ತಿರುಗುತ್ತದಲ್ಲ, ಹಾಗಾಗಿ ಆ ಅರ್ಥವೂ ಪದದೊಳಗೇ ಇದೆ ಅಂತ ನನ್ನ ವಾದ.

ಶಿರಸಿ ಕಡೆಯವರೇ, ರಾತ್ರಿ ಯಕ್ಷಗಾನದ ಆಟದಲ್ಲಿ ದಿಗಿಣ ಹಾಕುವ (ಗಿರ್ರನೆ ತಿರುಗಿ ಹಾರುವ) ವೇಷದ ಫೋಟೋ ತೆಗೆಯುವಾಗ ನೀವು ಏನಂತೀರಿ? ಇನ್ನೊಂದು, ವಿಡಿಯೋದಲ್ಲಿ ಸುಮ್ನೆ ಎಡದಿಂದ ಬಲಕ್ಕೆ ಕಡಲು ತೋರಿಸಿದರೂ ಅದು ಪ್ಯಾನಿಂಗೇ. ಅಲ್ಲಿ ಹಿಂಬಾಲಿಸೋಕೆ ಯಾವ ಕಾರೂ ಇರಲ್ಲ. ಅದಕ್ಕೂ ‘ಬೀಸು’ ಒಪ್ಪುತ್ತಾ, ಬೇರೆ ಪದ ಬೇಕಾ?