ಕಂಪನಿಯವರು ನಮ್ಮ ನಗರಸಭೆಗೆ 40 ಲಕ್ಷ ಕೊಡ್ತಾರಂತೆ, ಮೀಟಿಂಗಲ್ಲಿ ಏನು ಕೇಳಲಿ?

ಕೆರೆಕೋಡಿ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬಯಲುಸೀಮೆಯ ಒಂದು ನಗರಸಭೆ. ಊರ ಹೆಸರು ಬೇಡ, ಇಲ್ಲಿ ಓದೋರಲ್ಲಿ ನಮ್ಮೂರವರೂ ಇದ್ದಾರೆ. ಊರಾಚೆಯ ಫ್ಯಾಕ್ಟರಿಯೊಂದರವರು ಈ ವರ್ಷದ ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡಬೇಕಾದ) ದುಡ್ಡಲ್ಲಿ 40 ಲಕ್ಷ ನಮ್ಮೂರಿಗೇ ಖರ್ಚು ಮಾಡ್ತೀವಿ ಅಂದಿದ್ದಾರೆ. ಗುರುವಾರ ಪೌರಾಯುಕ್ತರು ಮೀಟಿಂಗ್ ಕರೆದಿದ್ದಾರೆ, ನಮ್ಮ ಬಡಾವಣೆ ಸಂಘದಿಂದ ನಾನು ಹೋಗಬೇಕು. ಹೈಸ್ಕೂಲಲ್ಲಿ ಗಣಿತ ಹೇಳಿಕೊಡೋಳು ನಾನು, ಈ ವ್ಯವಹಾರ ಹೊಸದು.

ಕಂಪನಿಯವರ ಮನಸ್ಸಲ್ಲಿರೋದು ಹಳೇ ಬಸ್‌ಸ್ಟ್ಯಾಂಡ್ ಹತ್ತಿರ ಹೊಸ ಹೈಟೆಕ್ ಶೌಚಾಲಯ. ನಮ್ಮ ವಾರ್ಡಿನ ಸದಸ್ಯರಿಗೆ ಕೆರೆ ಏರಿ ಮೇಲೆ ವಾಕಿಂಗ್ ಪಾಥು, ಜೊತೆಗೆ 'ಐ ಲವ್' ಅಂತ ಶುರುವಾಗೋ ದೊಡ್ಡ ದೊಡ್ಡ ಲೈಟಿನ ಅಕ್ಷರ ಬೇಕಂತೆ. ಶೌಚಾಲಯ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಸಂತೆ ದಿನ ಸೊಪ್ಪು ಮಾರೋಕೆ ಬರೋ ಅಜ್ಜಿಗೆ ಮೊನ್ನೆ ಕುಡಿಯೋಕೆ ನೀರು ಕೊಟ್ಟೆ. 'ಬ್ಯಾಡ ಕಣವ್ವ, ಕುಡುದ್ರೆ ಹೋಗೋದೆಲ್ಲಿಗೆ' ಅಂತ ಲೋಟ ವಾಪಸ್ ಕೊಟ್ಟಳು. ಅನುಭವ ಇರೋರು ಹೇಳಿ, ನಾನು ಏನು ಕೇಳಬೇಕು?

ಬೈಪಾಸ್ ರೋಡ್

ಮೊದಲು ಬೋರ್ಡಿನ ಸೈಜ್ ಎಷ್ಟು ಅಂತ ಕೇಳಿ ಮೇಡಂ. ಶೌಚಾಲಯ ಚಿಕ್ಕದು, ಅದರ ಮುಂದಿನ ಬೋರ್ಡು ದೊಡ್ಡದು, ಇಂಥವು ನಮ್ಮೂರಲ್ಲಿ ನಾಲ್ಕಿವೆ. ತೆರಿಗೆ ಕಟ್ಟೋದು ನಾವು, ಕೆಲಸ ಮಾಡಬೇಕಾದ್ದು ನಗರಸಭೆ. ಮಧ್ಯದಲ್ಲಿ ಈ ದಾನಶೂರ ಕರ್ಣರು ಯಾಕೆ?

ನಿವೃತ್ತ ಲೆಕ್ಕಿಗ

ಮೇಡಂ, ಮೂವತ್ತಮೂರು ವರ್ಷ ಪುರಸಭೆ, ನಗರಸಭೆಗಳ ಲೆಕ್ಕ ಶಾಖೆಯಲ್ಲಿ ಕೂತೆದ್ದವನು ನಾನು. ನಿಮ್ಮ ಅಜ್ಜಿಯ ಮಾತು ಓದಿ ಒಂದು ಹಳೇ ಪಾಪ ನೆನಪಾಯ್ತು. ಮೊದಲು ಅದನ್ನ ಹೇಳಿಬಿಡ್ತೀನಿ.

ನಾನಿದ್ದ ಒಂದು ಊರಲ್ಲಿ ದಾನಿಗಳೊಬ್ಬರು ಸಂತೆ ಮೈದಾನದ ಮೂಲೆಯಲ್ಲಿ ಶೌಚಾಲಯ ಕಟ್ಟಿಸಿಕೊಟ್ಟರು. ಒಳ್ಳೇ ಮನುಷ್ಯ, ಕೆಲಸವೂ ಗಟ್ಟಿ. ಗ್ರಾನೈಟ್ ನೆಲ, ಮೇಲೆ ಎರಡು ಸಾವಿರ ಲೀಟರಿನ ಟ್ಯಾಂಕು. ಟೇಪು ಕತ್ತರಿಸಿದ ದಿನ ಮೈಸೂರುಪಾಕ್ ಹಂಚಿದರು, ನಾನೂ ತಿಂದೆ. ಮೂರನೇ ತಿಂಗಳಿಗೆ ಬೀಗ ಬಿತ್ತು. ಯಾಕೆ ಗೊತ್ತಾ? ಕರೆಂಟ್ ಬರ್ತಿದ್ದದ್ದು ಕಂಟ್ರಾಕ್ಟರು ಕಟ್ಟಡದ ಕೆಲಸಕ್ಕೆ ಅಂತ ತಗೊಂಡಿದ್ದ ತಾತ್ಕಾಲಿಕ ಸಂಪರ್ಕದಿಂದ. ಅವಧಿ ಮುಗೀತು, ಲೈನ್‌ಮನ್ ಬಂದು ಫ್ಯೂಸ್ ಕಿತ್ತ, ಮೋಟಾರು ನಿಂತಿತು, ಟ್ಯಾಂಕು ಒಣಗಿತು. ಕಾಯಂ ಮೀಟರ್ ಹಾಕಿಸೋಣ ಅಂದರೆ ಯಾರ ಹೆಸರಿಗೆ? ಕಟ್ಟಡ ನಮಗೆ ಹಸ್ತಾಂತರ ಆಗಿರಲಿಲ್ಲ. ಆಸ್ತಿ ರಿಜಿಸ್ಟರಲ್ಲಿ ಇಲ್ಲ, ಬಜೆಟ್ಟಲ್ಲಿ ಅದಕ್ಕೊಂದು ಲೆಕ್ಕ ಶೀರ್ಷಿಕೆಯೂ ಇಲ್ಲ. ಇಂಜಿನಿಯರ್ ಶಾಖೆಯಿಂದ ಫೈಲ್ ಬಂತು. 'ಅನುದಾನ ಲಭ್ಯವಿರುವುದಿಲ್ಲ' ಅಂತ ಷರಾ ಬರೆದು ವಾಪಸ್ ಕಳಿಸಿದೆ. ಮತ್ತೆ ಬಂತು. ಈ ಸಲ ವಾಪಸ್ಸೂ ಕಳಿಸಲಿಲ್ಲ, ಏಳು ತಿಂಗಳು ನನ್ನ ಟೇಬಲ್ ಮೇಲೇ ಇತ್ತು. ನಿಯಮದ ಪ್ರಕಾರ ನನ್ನ ಷರಾದಲ್ಲಿ ಒಂದಕ್ಷರ ತಪ್ಪಿಲ್ಲ. ಆದರೆ ಸಂತೆಗೆ ಬಂದ ಹೆಂಗಸರು ಆ ಬೀಗ ಹಾಕಿದ ಕಟ್ಟಡದ ಹಿಂದುಗಡೆ ಸೆರಗು ಮುಚ್ಚಿಕೊಂಡು ಹೋಗ್ತಿದ್ದದ್ದು ನನ್ನ ಕಿಟಕಿಯಿಂದ ಕಾಣ್ತಿತ್ತು.

ಹಾಗಾಗಿ ಕಟ್ಟಡದ ವಿಷಯ ಆಮೇಲೆ, ಕಟ್ಟಿದ ಮೇಲೆ ನೋಡಿಕೊಳ್ಳೋರು ಯಾರು ಅಂತ ಮೊದಲು ಕೇಳಿ. ನಮ್ಮ ಹಳಬರಿಗೆ ಈ ಬುದ್ಧಿ ಇತ್ತು. ಕೆರೆ ಶಾಸನಗಳಲ್ಲಿ 'ಬಿತ್ತುವಟ್ಟ' ಅನ್ನೋ ಮಾತು ಬರುತ್ತೆ. ಹೂಳು ತೆಗೆಯೋಕೆ, ಏರಿ ರಿಪೇರಿಗೆ ಅಂತಲೇ ಒಂದಿಷ್ಟು ಭೂಮಿಯನ್ನೋ ಅದರ ಹುಟ್ಟುವಳಿಯನ್ನೋ ಬಿಡ್ತಿದ್ದರು. ಅಷ್ಟು ಹಿಂದಕ್ಕೆ ಬೇಡ ಅಂದರೆ ಬೆಂಗಳೂರಿನ ರೈಲ್ವೆ ಸ್ಟೇಷನ್ ಹತ್ತಿರದ ತೋಟದಪ್ಪನ ಛತ್ರ ನೋಡಿ. 1903ರಲ್ಲಿ ಶುರುವಾದದ್ದು. ಗುಬ್ಬಿ ತೋಟದಪ್ಪನವರು ಛತ್ರ ಕಟ್ಟಿಸಿ ಕೈ ತೊಳೆದುಕೊಳ್ಳಲಿಲ್ಲ, ಅದು ನಡೆಯೋಕೆ ತಮ್ಮ ಆಸ್ತಿಯನ್ನೇ ಧರ್ಮಸಂಸ್ಥೆಗೆ ಬರೆದಿಟ್ಟರು.

ಈಗಿನ ಕಂಪನಿಗಳು ಮನಸ್ಸಿದ್ದರೂ ಹಾಗೆ ಮಾಡೋ ಹಾಗಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಖರ್ಚು ಮಾಡಬೇಕು ಸರಿ, ಆದರೆ 2021ರಿಂದ ಈಚೆಗೆ ಯಾವುದೇ ಸಂಸ್ಥೆಯ ಮೂಲಧನಕ್ಕೆ ಕೊಟ್ಟ ದುಡ್ಡು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. 'ಎಫ್‌ಡಿ ಇಡಿ, ಬಡ್ಡಿಯಲ್ಲಿ ನಡೆಸ್ತೀವಿ' ಅಂದರೆ ಅವರ ಆಡಿಟರೇ ಬೇಡ ಅಂತಾನೆ. ಕಿಂಡಿ ಒಂದಿದೆ. ಮುಂದುವರಿಯುವ ಯೋಜನೆ ಅಂತ ತೋರಿಸಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಖರ್ಚು ಹಾಕಬಹುದು. ನಿಮ್ಮಲ್ಲಿ ಹಳೇ ಶೌಚಾಲಯ ಇದ್ದು, ಅದರ ಗೋಡೆ ಗಟ್ಟಿ ಇದ್ದರೆ ಹೊಸದು ಯಾಕೆ? 18 ಲಕ್ಷದಲ್ಲಿ ಅದನ್ನೇ ಸರಿಮಾಡಿಸಿ. ಮಿಕ್ಕ 22 ಲಕ್ಷದಲ್ಲಿ ಇಬ್ಬರ ಸಂಬಳ, ಫಿನಾಯಿಲು, ಮೋಟಾರ್ ರಿಪೇರಿ ಅಷ್ಟೂ ವರ್ಷ ನಡೆಯಲಿ. ಅಷ್ಟರೊಳಗೆ ನಗರಸಭೆ ಬಜೆಟ್ಟಲ್ಲಿ ಅದಕ್ಕೊಂದು ಶೀರ್ಷಿಕೆ ಹುಟ್ಟಬೇಕು, ಅದನ್ನ ಈಗಲೇ ಠರಾವು ಮಾಡಿಸಿ.

ಬೈಪಾಸ್ ರೋಡ್ ಅವರೇ, ನಿಮ್ಮ ಸಿಟ್ಟು ಅರ್ಧ ಸರಿ. ತೆರಿಗೆ ತೆರಿಗೆ ಅಂತೀರಲ್ಲ, ಆ ಲೆಕ್ಕವೇ ನೆಟ್ಟಗಿರಲಿಲ್ಲ ಸ್ವಾಮಿ. ನಾನು ಕೆಲಸಕ್ಕೆ ಸೇರಿದಾಗ ಇದ್ದದ್ದು ಒಂದು ಕ್ಯಾಶ್‌ಬುಕ್ಕು, ಬಂದದ್ದು ಇಷ್ಟು, ಹೋದದ್ದು ಇಷ್ಟು. ಊರಿಗೆ ಆಸ್ತಿ ಎಷ್ಟು, ಸಾಲ ಎಷ್ಟು, ಯಾರಿಂದ ಬರಬೇಕಾದ್ದು ಎಷ್ಟು, ಕೇಳಿದರೆ ಯಾರ ಹತ್ರವೂ ಉತ್ತರ ಇಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಅವರು ಬೆಂಗಳೂರಿಗೆ ಅಂತ ಬಿಎಟಿಎಫ್ (ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್) ಮಾಡಿದರು, ಇನ್ಫೋಸಿಸ್‌ನ ನಂದನ್ ನಿಲೇಕಣಿ ಅಧ್ಯಕ್ಷರು, ತಮ್ಮ ಕೈಯಿಂದಲೂ ದುಡ್ಡು ಹಾಕಿದರು. ಆರಿಸಿ ಬಂದವರನ್ನ ಬದಿಗಿಟ್ಟು ಶ್ರೀಮಂತರ ಕೈಗೆ ಊರು ಕೊಟ್ಟರು ಅಂತ ಆಗಲೇ ಬೈಗುಳ ಬಿತ್ತು. ಬೈದವರ ಮಾತಲ್ಲೂ ಹುರುಳಿತ್ತು ಅಂತ ನನ್ನ ಅಭಿಪ್ರಾಯ. 2004ರಲ್ಲಿ ಸರ್ಕಾರ ಬದಲಾಯ್ತು, ಬಿಎಟಿಎಫ್ ಕತೆ ಮುಗೀತು. ಉಳಿದದ್ದು ಏನು? ಮಹಾನಗರಪಾಲಿಕೆಗೆ ಬಿಎಟಿಎಫ್ ಸದಸ್ಯ ರಮೇಶ್ ರಾಮನಾಥನ್ ಮತ್ತವರ ತಂಡ ತಂದ ಡಬಲ್ ಎಂಟ್ರಿ ಲೆಕ್ಕ, ಅಂದರೆ ಪ್ರತಿ ವ್ಯವಹಾರವನ್ನೂ ಡೆಬಿಟ್, ಕ್ರೆಡಿಟ್ ಎರಡೂ ಕಡೆ ಬರೆಯೋದು. 2006ರಲ್ಲಿ ರಾಜ್ಯದ ಪುರಸಭೆಗಳಿಗೂ ಹೊಸ ಲೆಕ್ಕಪತ್ರ, ಬಜೆಟ್ ನಿಯಮ ಬಂತು. ಐವತ್ತರ ಹತ್ತಿರದ ವಯಸ್ಸಲ್ಲಿ ಡೆಬಿಟ್ಟು ಕ್ರೆಡಿಟ್ಟು ಕಲಿಯೋಕೆ ಕೂತವರಲ್ಲಿ ನಾನೂ ಒಬ್ಬ, ಮನಸ್ಸಲ್ಲೇ ಶಾಪ ಹಾಕ್ತಾ. ಲೆಕ್ಕದ ಪುಸ್ತಕಕ್ಕೆ ಯಾರೂ ಟೇಪು ಕತ್ತರಿಸಲ್ಲ ನೋಡಿ.

ಜೊಂಡುಹುಲ್ಲು

ಲೆಕ್ಕಿಗ ಸಾರ್ ಹೇಳಿದ್ದು ಕೆರೆಗೂ ಅಷ್ಟೇ ನಿಜ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಕೆರೆಯಲ್ಲಿ ನಾನು ಭಾನುವಾರದ ಸ್ವಯಂಸೇವಕಿ. ಬೆಂಚ್ ಕೊಡಿ ಅಂದರೆ ದಾನಿಗಳು ಸಾಲುಗಟ್ಟಿ ನಿಲ್ತಾರೆ, ಅಮ್ಮನ ನೆನಪಿಗೆ ಅಂತ ಕೆತ್ತಿಸಬಹುದಲ್ಲ. ರಾತ್ರಿ ಕಾವಲುಗಾರನ ಸಂಬಳಕ್ಕೆ ಕೇಳಿ ನೋಡಿ, ಫೋನ್ ಎತ್ತಲ್ಲ. ನಮ್ಮಲ್ಲಿ ಒಂದು ವರ್ಷ ಹನ್ನೊಂದು ಬೆಂಚು ಇತ್ತು, ಕಾವಲುಗಾರ ಇರಲಿಲ್ಲ. ಬೆಂಚಿನ ಕೆಳಗೆಲ್ಲ ಬಾಟಲಿ.

ಇನ್ನೊಂದು, ಕಾಗದ ಸರಿ ಇರಲಿ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ಅಲ್ಲಿನವರೇ ಟ್ರಸ್ಟ್ ಮಾಡಿ 2011ರಲ್ಲಿ ಬಿಬಿಎಂಪಿ ಜೊತೆ ಒಡಂಬಡಿಕೆ ಮಾಡಿಕೊಂಡರು, ಚೆನ್ನಾಗಿ ನೋಡಿಕೊಂಡರು. 2020ರಲ್ಲಿ ಹೈಕೋರ್ಟು ಕೆರೆಗಳ ವಿಷಯದಲ್ಲಿ ಕಂಪನಿಗಳ ಜೊತೆ ಒಡಂಬಡಿಕೆ ಬೇಡ ಅಂತ ತಡೆ ಹಾಕಿತು. ಕೆರೆ ಕಾಯೋದು ಸರ್ಕಾರದ ಹೊಣೆ, ಅದನ್ನ ಇನ್ನೊಬ್ಬರ ತಲೆಗೆ ಕಟ್ಟೋ ಹಾಗಿಲ್ಲ ಅನ್ನೋದು ಒಪ್ಪೋ ಮಾತೇ. ಆದರೆ ಬಿಸಿ ತಟ್ಟಿದ್ದು ನಮ್ಮಂಥ ಸಣ್ಣ ಗುಂಪುಗಳಿಗೂ. ನಿಮ್ಮ ಸದಸ್ಯರಿಗೆ ವಾಕಿಂಗ್ ಪಾಥ್ ಬೇಕಂದಿರಲ್ಲ, ಆ ಏರಿ ಯಾವ ಇಲಾಖೆಯದು ಅಂತ ಮೊದಲು ಪಹಣಿ ತೆಗೆಸಿ. ನಗರಸಭೆದೇ ಅಂತ ಏನು ಗ್ಯಾರಂಟಿ?

ಕೆರೆಕೋಡಿ ಮನೆ

ಮೀಟಿಂಗ್ ಮುಗಿಸಿ ಬಂದೆ. ಏರಿ ಸಣ್ಣ ನೀರಾವರಿ ಇಲಾಖೆಯದಂತೆ, ವಾಕಿಂಗ್ ಪಾಥ್ ಮಾತು ಅಲ್ಲಿಗೇ ನಿಂತಿತು. ಸದಸ್ಯರು ನನ್ನ ಮುಖ ನೋಡಲಿಲ್ಲ. ಹಳೇ ಶೌಚಾಲಯ ರಿಪೇರಿ, ಮಿಕ್ಕದ್ದು ನಾಲ್ಕು ವರ್ಷದ ನಿರ್ವಹಣೆಗೆ ಅಂದಾಗ ಕಂಪನಿಯಿಂದ ಬಂದಿದ್ದ ಹುಡುಗ ಪಾಪ ಒಪ್ಪಿದ, ಆಮೇಲೆ ತಗ್ಗಿದ ದನಿಯಲ್ಲಿ 'ಮೇಡಂ, ಹಾಗಾದ್ರೆ ಉದ್ಘಾಟನೆಗೆ ನಮ್ಮ ಎಂಡಿ ಬಂದು ಏನು ಓಪನ್ ಮಾಡ್ಬೇಕು' ಅಂದ. ನಲ್ಲಿ ಓಪನ್ ಮಾಡಲಿ ಅಂದೆ. ಪೌರಾಯುಕ್ತರೂ ನಕ್ಕರು.

ಮೀಟರ್ ಯಾರ ಹೆಸರಲ್ಲಿದೆ ಅಂತ ಕೇಳಿದೆ ಸಾರ್. ಇಂಜಿನಿಯರ್ರು ಲೆಕ್ಕ ಶಾಖೆಯವರ ಮುಖ ನೋಡಿದರು, ಲೆಕ್ಕ ಶಾಖೆಯವರು ಫ್ಯಾನ್ ನೋಡಿದರು.

ನಿವೃತ್ತ ಲೆಕ್ಕಿಗ

ಆ ಫ್ಯಾನ್ ನಾನೂ ಬೇಕಾದಷ್ಟು ನೋಡಿದೀನಿ ಮೇಡಂ. ಬಿಡಬೇಡಿ. ಪೌರಾಯುಕ್ತರ ಹೆಸರಿಗೇ ಅರ್ಜಿ ಹಾಕಿಸಿ, ಅದರ ಸ್ವೀಕೃತಿ ನಿಮ್ಮ ಹತ್ರವೂ ಒಂದು ಇರಲಿ. ಕರೆಂಟ್ ಸಂಪರ್ಕದ ಆರ್‌ಆರ್ ನಂಬರ್ ಬಂದ ದಿನ ಇಲ್ಲಿ ಹಾಕಿ.